ಮಣಿ, ಡಬ್ಬಿ, ಒಂದು ನಾಣ್ಯ: ಜೀನ್ ವ್ಯತ್ಯಾಸದಿಂದ ವಿಕಾಸ ಹೇಗೆ ನಡೆಯತ್ತೆ ಅಂತ ನೀವೇ ಮಾಡಿ ನೋಡಿ

ವಿಕಾಸದ ಬಗ್ಗೆ ಮಾತು ಬಂದಾಗ ತುಂಬಾ ಜನ ಹೇಳೋದು ಹೀಗೆ, ಪರಿಸರ ಬದಲಾಯ್ತು, ಅದಕ್ಕೆ ಪ್ರಾಣಿ ತಾನೂ ಬದಲಾಯ್ತು ಅಂತ. ಪಾಠ ಓದಿ ಪರೀಕ್ಷೆ ಬರೆದವರೂ ಇದನ್ನೇ ಹೇಳ್ತಾರೆ. ಆದ್ರೆ ನಡೆಯೋದು ಇದಕ್ಕೆ ಉಲ್ಟಾ. ವ್ಯತ್ಯಾಸ ಮೊದಲೇ ಇರತ್ತೆ, ಆಯ್ಕೆ ಆಮೇಲೆ ಬರತ್ತೆ, ಗುಂಪಲ್ಲಿ ಇಲ್ಲದೇ ಇರೋದನ್ನ ಆರಿಸಿಕೊಳ್ಳೋಕೆ ಪ್ರಕೃತಿಗೂ ಆಗಲ್ಲ. ಇದನ್ನ ಎಷ್ಟು ಪುಟ ಓದಿದ್ರೂ ಮನಸ್ಸಲ್ಲಿ ಗಟ್ಟಿಯಾಗಿ ಕೂರಲ್ಲ, ಕೂತು ಕೈಯಿಂದ ಮಣಿ ಎತ್ತಿ ಲೆಕ್ಕ ಬರೆದ್ರೆ ಕೂರತ್ತೆ, ಅದಕ್ಕೇ ಇದನ್ನ ಓದೋ ಪಾಠದ ತರ ಬರೀದೆ ಮಾಡೋ ಕೆಲಸದ ತರ ಬರೀತಿದ್ದೀನಿ.

ಬೇಕಾಗಿರೋದು ಇಷ್ಟು: ಬಿಳಿ ಮತ್ತು ಕೆಂಪು ಮಣಿ ತಲಾ 40, ಬೇರೆ ಆರು ಬಣ್ಣದ್ದು ಸ್ವಲ್ಪ ಸ್ವಲ್ಪ, ಒಳಗಡೆ ಕಾಣದಂತ ಡಬ್ಬಿ ಎರಡು, ಒಂದು ನಾಣ್ಯ, ಒಂದು ನೋಟ್‌ಬುಕ್. ಮಣಿ ಎಲ್ಲಾ ಒಂದೇ ಸೈಜ್, ಒಂದೇ ನುಣುಪು ಇರ್ಲೇಬೇಕು, ಇಲ್ಲಾಂದ್ರೆ ಬೆರಳಿಗೆ ವ್ಯತ್ಯಾಸ ಗೊತ್ತಾಗಿ ನೀವು ಗೊತ್ತಿಲ್ಲದೇ ಆರಿಸಿ ಎತ್ತೋಕೆ ಶುರು ಮಾಡ್ತೀರ. ಮಣಿ ಸಿಗದಿದ್ರೆ ಒಂದೇ ಅಳತೆಗೆ ಕತ್ತರಿಸಿದ ಕಾಗದದ ಚೀಟಿಗೆ ಬಣ್ಣ ಹಚ್ಚಿ ಮಡಚಿ ಇಟ್ಕೊಳಿ, ಅದೂ ನಡೆಯತ್ತೆ.

ಒಂದು ಮಣಿ ಅಂದ್ರೆ ಒಂದು ಜೀನಿನ (ಜೀವಿಯ ಗುಣಗಳಿಗೆ ಸೂಚನೆ ಹೊತ್ತಿರೋ ಡಿಎನ್‌ಎ ತುಂಡು) ಒಂದು ಪ್ರತಿ. ಬಣ್ಣ ಅಂದ್ರೆ ಆ ಜೀನಿನ ಒಂದು ರೂಪ, ಅದನ್ನ ಅಲೀಲ್ ಅಂತಾರೆ. ನಮ್ಮಂತ ಜೀವಿಗಳಲ್ಲಿ ಪ್ರತಿ ಜೀನಿಗೆ ಎರಡು ಪ್ರತಿ, ಒಂದು ತಾಯಿಯಿಂದ ಒಂದು ತಂದೆಯಿಂದ, ಹಾಗಾಗಿ ಎರಡು ಮಣಿ ಸೇರಿದ್ರೆ ಒಂದು ಜೀವಿ. ಡಬ್ಬಿಯಲ್ಲಿ 32 ಮಣಿ ಇದ್ರೆ 16 ಜೀವಿಗಳ ಗುಂಪು ಅಂತ ಅರ್ಥ.

ಮೊದಲ ಆಟಕ್ಕೆ 32 ಮಣಿನೂ ಬಿಳಿದೇ ಹಾಕಿ. ಈಗ ನಿಯಮ ಕೇಳಿ, ಇದೇ ನಿಯಮ ಮುಂದೆನೂ ಬೇಕಾಗತ್ತೆ. ನೋಡದೇ ಒಂದು ಮಣಿ ಎತ್ತಿ, ಬಣ್ಣ ನೋಡಿ ವಾಪಸ್ ಹಾಕಿ ಕಲಸಿ, ಇನ್ನೊಂದು ಎತ್ತಿ. ಎರಡೂ ಸೇರಿ ಒಂದು ಮರಿ. ಎರಡೂ ಬಿಳಿ ಆಗಿದ್ರೆ ನಾಣ್ಯ ಹಾರಿಸಿ, ಹೆಡ್ ಬಿದ್ರೆ ಮರಿ ಬದುಕ್ತು, ಟೇಲ್ ಬಿದ್ರೆ ಸತ್ತೋಯ್ತು. ಒಂದಾದ್ರೂ ಕೆಂಪು ಇದ್ರೆ ನಾಣ್ಯ ಇಲ್ಲ, ಬದುಕಿದ ಹಾಗೇ ಲೆಕ್ಕ. ಹೀಗೆ ಬದುಕಿದ ಮರಿ 16 ಆಗೋ ತನಕ ಮಾಡಿ, ಆ 16ರಲ್ಲಿ ಎಷ್ಟು ಕೆಂಪು ಎಷ್ಟು ಬಿಳಿ ಬಂತು ಅಂತ ಬರ್ಕೊಂಡು ಡಬ್ಬಿ ಖಾಲಿ ಮಾಡಿ ಅಷ್ಟೇ ಮಣಿ ತುಂಬಿ. ಅದು ಮುಂದಿನ ಪೀಳಿಗೆ.

ಮಣಿನ ವಾಪಸ್ ಹಾಕೋದು ಯಾವ ಕಾರಣಕ್ಕೂ ಮರೀಬೇಡಿ. ಒಂದು ಜೀವಿ ಎಷ್ಟೋ ಅಂಡಾಣು ಇಲ್ಲವೇ ವೀರ್ಯಾಣು ಮಾಡಬಹುದು, ಒಂದೇ ಪ್ರತಿ ಹತ್ತು ಮಕ್ಕಳಿಗೂ ಹೋಗಬಹುದು, ಯಾರಿಗೂ ಹೋಗದೇ ಇರಬಹುದು. ವಾಪಸ್ ಹಾಕದೇ ಎತ್ತಿದ್ರೆ ಆ ಸಾಧ್ಯತೆನೇ ಕಟ್ ಆಗೋಗತ್ತೆ.

ಈಗ ಈ ಬಿಳಿ ಡಬ್ಬಿನ ನಾಲ್ಕೈದು ಪೀಳಿಗೆ ಓಡಿಸಿ. ಪ್ರತಿ ಸಲ ಹುಟ್ಟಿದ್ದರಲ್ಲಿ ಹತ್ತಿರಹತ್ತಿರ ಅರ್ಧ ಸಾಯ್ತಿದೆ, ಇಷ್ಟು ಕಠಿಣ ಆಯ್ಕೆ ನಡೀತಿದೆ, ಆದ್ರೂ ಡಬ್ಬಿಯಲ್ಲಿ 32 ಬಿಳಿ, ಮುಂದಿನ ಸಲ 32 ಬಿಳಿ, ಅದರ ಮುಂದಿನ ಸಲನೂ 32 ಬಿಳಿ. ತುಂಬಾ ಜನ ಈ ಆಟ ಬೋರು ಅಂತ ಬಿಟ್ಬಿಡ್ತಾರೆ, ದಯವಿಟ್ಟು ಬಿಡಬೇಡಿ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ ಭಾಗ. ಸಾವು ಎಷ್ಟೇ ಇದ್ರೂ ವ್ಯತ್ಯಾಸ ಇಲ್ಲಾಂದ್ರೆ ವಿಕಾಸ ಇಲ್ಲ. ನಿಜ ಜಗತ್ತಲ್ಲಿ ಇಂಥ ಗುಂಪು ಹೀಗೆ 16ಕ್ಕೇ ನಿಲ್ಲೋದೂ ಕಷ್ಟ, ಸಾವು ಹುಟ್ಟಿಗಿಂತ ಜಾಸ್ತಿ ಆದ್ರೆ ಕರಗ್ತಾ ಕರಗ್ತಾ ಅಳಿದೇ ಹೋಗತ್ತೆ.

ಈಗ ಒಂದೇ ಒಂದು ಬಿಳಿ ಮಣಿ ತೆಗೆದು ಅದರ ಜಾಗಕ್ಕೆ ಒಂದು ಕೆಂಪು ಹಾಕಿ. ಇದು ಮ್ಯುಟೇಷನ್, ಡಿಎನ್‌ಎ ಕಾಪಿ ಆಗುವಾಗ ಒಂದು ಅಕ್ಷರ ಬದಲಾಗಿದ್ದು ಅನ್ಕೊಳಿ, ಅಥವಾ ಒಂದು ತುಂಡು ಸೇರಿದ್ದು, ಬಿಟ್ಟೋಗಿದ್ದು, ಎರಡು ಸಲ ಕಾಪಿ ಆಗಿದ್ದು, ಎಲ್ಲಾ ತರನೂ ಆಗತ್ತೆ. ಮನುಷ್ಯರ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ ಇದೆ, ಹುಟ್ಟೋ ಪ್ರತಿ ಮಗುವಿನಲ್ಲೂ ತಂದೆ ತಾಯಿ ಇಬ್ಬರಲ್ಲೂ ಇಲ್ಲದ ಹೊಸ ಬದಲಾವಣೆ ಸುಮಾರು 60ರಿಂದ 70 ಇರತ್ತೆ. ಅದರಲ್ಲಿ ಬಹುಪಾಲು ಯಾವ ಪರಿಣಾಮನೂ ಮಾಡಲ್ಲ, ಕೆಲವು ತೊಂದರೆ ಕೊಡತ್ತೆ, ಅಪರೂಪಕ್ಕೆ ಒಂದು ಉಪಯೋಗಕ್ಕೆ ಬರತ್ತೆ.

ಅದೇ ನಿಯಮದಲ್ಲಿ ಆಟ ಶುರು ಮಾಡಿ. ಕೆಂಪು ಇದ್ರೆ ಗ್ಯಾರಂಟಿ ಬದುಕು, ಇಷ್ಟು ದೊಡ್ಡ ಲಾಭ ಪ್ರಕೃತಿಯಲ್ಲಿ ಸಿಗೋದೇ ಕಡಿಮೆ, ಆದ್ರೂ ಮೊದಲನೇ ಪೀಳಿಗೆಯಲ್ಲೇ ಕೆಂಪು ಕಾಣೆ ಆಗೋ ಚಾನ್ಸ್ ಏಳರಲ್ಲಿ ಒಂದು, ಲೆಕ್ಕ ಹಾಕಿದ್ರೆ ಸುಮಾರು 14 ಪರ್ಸೆಂಟ್ ಬರತ್ತೆ. ಕಾರಣ ಏನೂ ದೊಡ್ಡದಲ್ಲ, ಅದು ನಿಮ್ಮ ಕೈಗೆ ಸಿಗಲೇ ಇಲ್ಲ ಅಷ್ಟೇ. ಕೆಂಪಿಗೆ ಯಾವ ಲಾಭನೂ ಇಲ್ಲ ಅಂತ ಇಟ್ಕೊಂಡು ನಾಣ್ಯ ಇಲ್ದೇ ಆಡಿದ್ರೆ ಮೊದಲ ಪೀಳಿಗೆಯಲ್ಲೇ ಹೋಗೋ ಚಾನ್ಸ್ 36 ಪರ್ಸೆಂಟ್. ಹಾಗಾಗಿ ಒಳ್ಳೇ ಮ್ಯುಟೇಷನ್ ಬಂದ್ರೆ ಅದು ಗೆದ್ದೇ ಗೆಲ್ಲತ್ತೆ ಅನ್ನೋದು ತಪ್ಪು, ಒಂದೇ ಪ್ರತಿ ಇರುವಾಗ ಅದೃಷ್ಟದ್ದೇ ಮೇಲುಗೈ. ನಾಲ್ಕೈದು ಪ್ರತಿ ಆದ್ಮೇಲೆ ನೋಡಿ, ಆಮೇಲೆ ಅದನ್ನ ತಡೆಯೋದು ಕಷ್ಟ.

ಇಲ್ಲಿ ಒಂದು ಪ್ರಶ್ನೆ ಬರ್ಬೇಕು ನಿಮಗೆ. ಕೆಂಪು ಮಣಿ ಹಾಕಿದ್ದು ನೀವು, ನಿಜ ಜಗತ್ತಲ್ಲಿ ಸಾವಿನ ಭಯ ಬಂದ್ಮೇಲೆ ಅದಕ್ಕೆ ಉತ್ತರವಾಗಿ ಮ್ಯುಟೇಷನ್ ಬರಲ್ಲ ಅಂತ ಹೇಗೆ ಗೊತ್ತು? ಇದನ್ನ 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರೂಕ್ ಪರೀಕ್ಷೆ ಮಾಡಿದ್ರು. ಬೇರೆ ಬೇರೆ ಟ್ಯೂಬಲ್ಲಿ ಸ್ವಲ್ಪ ಸ್ವಲ್ಪ ಬ್ಯಾಕ್ಟೀರಿಯಾ ಹಾಕಿ ಬೆಳೆಸಿ, ಆಮೇಲೆ ಒಂದೊಂದು ಟ್ಯೂಬಿನದ್ದನ್ನೂ ಬ್ಯಾಕ್ಟೀರಿಯಾ ಕೊಲ್ಲೋ ವೈರಸ್ ಇರೋ ತಟ್ಟೆ ಮೇಲೆ ಹರಡಿದ್ರು. ವೈರಸ್ ಕಂಡ್ಮೇಲೆ ರಕ್ಷಣೆ ಹುಟ್ಟೋದಾದ್ರೆ ಎಲ್ಲಾ ತಟ್ಟೆಯಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಉಳೀಬೇಕಿತ್ತು. ಹಾಗಾಗಲಿಲ್ಲ, ಎಷ್ಟೋ ತಟ್ಟೆಯಲ್ಲಿ ಒಂದೂ ಇಲ್ಲ ಇಲ್ಲವೇ ಎರಡು ಮೂರು, ಆದ್ರೆ ಕೆಲವು ತಟ್ಟೆಯಲ್ಲಿ ಮಾತ್ರ ರಾಶಿ ರಾಶಿ. ಆ ರಾಶಿ ಇರೋ ಟ್ಯೂಬಲ್ಲಿ ಮ್ಯುಟೇಷನ್ ಮೊದಲೇ, ವೈರಸ್ ಮುಖ ನೋಡೋಕಿಂತ ಎಷ್ಟೋ ಪೀಳಿಗೆ ಮುಂಚೆ ಆಗಿತ್ತು, ಅದರ ಸಂತಾನ ಬೆಳೆದು ತುಂಬಿತ್ತು. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ಇದನ್ನ ಇನ್ನೂ ನೇರವಾಗಿ ತೋರಿಸಿದ್ರು, ವೆಲ್ವೆಟ್ ಬಟ್ಟೆ ಒತ್ತಿ ಒಂದು ತಟ್ಟೆಯ ಬ್ಯಾಕ್ಟೀರಿಯಾ ಗುಂಪುಗಳನ್ನ ಅದೇ ಜಾಗಕ್ಕೆ ಇನ್ನೊಂದು ತಟ್ಟೆಗೆ ಅಚ್ಚು ಹಾಕಿ, ವೈರಸ್ ತಟ್ಟೆಯಲ್ಲಿ ಎಲ್ಲಿ ಉಳೀತೋ ಮೂಲ ತಟ್ಟೆಯ ಅದೇ ಜಾಗದಲ್ಲಿ, ವೈರಸ್ ಮುಟ್ಟೇ ಇಲ್ಲದ ಬ್ಯಾಕ್ಟೀರಿಯಾದಲ್ಲಿ, ಆ ರಕ್ಷಣೆ ಇತ್ತು. ನನಗೆ ಈ ಎರಡು ಪ್ರಯೋಗ ಜೀವಶಾಸ್ತ್ರದಲ್ಲೇ ತುಂಬಾ ಚೆಂದದವು, ಇಷ್ಟು ಸರಳ ಸಾಮಾನಲ್ಲಿ ಇಷ್ಟು ದೊಡ್ಡ ಪ್ರಶ್ನೆ ಬಗೆಹರೀತು.

ನಮ್ಮ ಕೆಂಪು ಮಣಿಯ ಕಥೆ ಹಾಗೇ ನಡೆದದ್ದು ಬ್ರಿಟನ್ನಿನ ಪೆಪ್ಪರ್ಡ್ ಮಾತ್ ಅನ್ನೋ ಪತಂಗದಲ್ಲಿ. ಇದರ ಸಾಮಾನ್ಯ ರೂಪ ಬಿಳಿ ಮೇಲೆ ಕಪ್ಪು ಚುಕ್ಕಿ. 1848ರಲ್ಲಿ ಮ್ಯಾಂಚೆಸ್ಟರ್ ಹತ್ರ ಪೂರ್ತಿ ಕಪ್ಪಗಿರೋದು ಒಂದು ಸಿಕ್ತು ಅಂತ ದಾಖಲೆ ಇದೆ. ಕಲ್ಲಿದ್ದಲ ಮಸಿ ಮರಗಳ ಮೇಲೆ ಕೂತು ತೊಗಟೆ ಕಪ್ಪಾಗಿತ್ತು, ಬಿಳಿ ಪತಂಗ ಹಕ್ಕಿ ಕಣ್ಣಿಗೆ ಬೇಗ ಬೀಳ್ತಿತ್ತು, ಆ ಶತಮಾನ ಮುಗಿಯೋ ಹೊತ್ತಿಗೆ ಅಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಕಪ್ಪೇ. 2016ರಲ್ಲಿ ಇದರ ಮೂಲ ಸಿಕ್ತು, ಕಾರ್ಟೆಕ್ಸ್ ಅನ್ನೋ ಜೀನಿನೊಳಗೆ ಸುಮಾರು 22 ಸಾವಿರ ಅಕ್ಷರದ ಒಂದು ಜಿಗಿಯೋ ಡಿಎನ್‌ಎ ತುಂಡು ಹೋಗಿ ಕೂತಿದೆ, ಅದು ಸುಮಾರು 1819ರ ಆಸುಪಾಸಲ್ಲಿ ಒಂದು ಸಲ ಆಗಿರೋದು ಅಂತ ಅಂದಾಜು. ಮಸಿ ಆ ತುಂಡನ್ನ ತಂದು ಕೂರಿಸಲಿಲ್ಲ. ಅದು ಬಂದು ಕೂತಿದ್ದು ಬರೀ ಆಕಸ್ಮಿಕ, ಮಸಿ ಅದಕ್ಕೆ ಬೆಲೆ ಕೊಡ್ತು ಅಷ್ಟೇ.

ಮುಂದಿನ ಆಟ, 16 ಕೆಂಪು 16 ಬಿಳಿ, ನಿಯಮ ಅದೇ. ಮೊದಲ ಪೀಳಿಗೆಗೆ ಬಿಳಿ 16ರಿಂದ ಸರಾಸರಿ 14ರ ಹತ್ರ ಬರತ್ತೆ, ಆಮೇಲೆ ಇಳೀತಾ ಹೋಗತ್ತೆ, ನಿಮ್ಮ ನೋಟ್‌ಬುಕ್ಕಲ್ಲಿ ಗ್ರಾಫ್ ಬರೀತಾ ಹೋಗಿ. ಶುರುವಲ್ಲಿ ಬೇಗ ಬೇಗ ಇಳಿದ ಬಿಳಿ ಕೊನೆಕೊನೆಗೆ ಇಳಿಯೋದೇ ನಿಧಾನ ಆಗೋಗತ್ತೆ. ಯಾಕಂದ್ರೆ ಬಿಳಿ ಅಪರೂಪ ಆದಷ್ಟೂ ಎರಡು ಬಿಳಿ ಒಟ್ಟಿಗೆ ಬರೋದು ಅಪರೂಪ, ಉಳಿದ ಬಿಳಿ ಎಲ್ಲಾ ಕೆಂಪಿನ ಜೊತೆ ಜೋಡಿಯಾಗಿ ಬಚ್ಚಿಟ್ಕೊಂಡಿರತ್ತೆ, ನಾಣ್ಯ ಅದನ್ನ ಮುಟ್ಟಲ್ಲ. ಬಿಳಿ ನೂರಕ್ಕೆ 10 ಇದ್ದಾಗ ಆ ಬಿಳಿ ಮಣಿಗಳಲ್ಲಿ ಹತ್ತಕ್ಕೆ ಒಂಬತ್ತು ಇಂಥ ಮಿಶ್ರ ಜೋಡಿಯಲ್ಲೇ ಇರತ್ತೆ. 16ರ ಡಬ್ಬಿ ತುಂಬಾ ಚಿಕ್ಕದು, ಅದೃಷ್ಟದಿಂದ ಬಿಳಿ ಪೂರ್ತಿ ಹೋಗಿಬಿಡಬಹುದು, ಆದ್ರೆ ಲಕ್ಷಾಂತರ ಜೀವಿ ಇರೋ ಗುಂಪಲ್ಲಿ ಹೀಗೆ ಅಡಗಿರೋದು ಬಹಳ ಕಾಲ ಉಳಿಯತ್ತೆ.

ಈ ಅಡಗಿರೋ ಸರಕಿನ ಬೆಲೆ ಗೊತ್ತಾಗಬೇಕಂದ್ರೆ ಆಟದ ಮಧ್ಯೆ, ಬಿಳಿ ಇನ್ನೂ ಮೂರ್ನಾಲ್ಕು ಉಳಿದಿರುವಾಗ, ನಿಯಮ ತಿರುಗಿಸಿ, ಈಗ ಕೆಂಪು ಇರೋ ಮರಿಗೆಲ್ಲಾ ನಾಣ್ಯ, ಎರಡೂ ಬಿಳಿ ಆದ್ರೆ ಬದುಕು. ಬಿಳಿ ಶುರುವಲ್ಲಿ ತಡವರಿಸಿ, ಕೆಲವು ಸಲ ಅಲ್ಲೇ ಕಳೆದುಹೋಗಿ, ಕೆಲವು ಸಲ ವಾಪಸ್ ಎದ್ದು ಬರತ್ತೆ. ಬ್ರಿಟನ್ನಲ್ಲಿ 1956ರ ಶುದ್ಧ ಗಾಳಿ ಕಾನೂನು ಬಂದು ಮಸಿ ಕಮ್ಮಿಯಾದ್ಮೇಲೆ ಕಪ್ಪು ಪತಂಗ ಇಳಿದು ಬಿಳಿ ರೂಪ ಮತ್ತೆ ಜಾಸ್ತಿ ಆಯ್ತು, ಅದಕ್ಕೆ ಹೊಸ ಮ್ಯುಟೇಷನ್ ಏನೂ ಬೇಕಾಗ್ಲಿಲ್ಲ, ಬಿಳಿ ರೂಪ ಪೂರ್ತಿ ಅಳಿದಿರಲಿಲ್ಲ.

ಇದಕ್ಕಿಂತ ಬಲವಾದ ಉದಾಹರಣೆ ಸ್ಟಿಕಲ್‌ಬ್ಯಾಕ್ ಅನ್ನೋ ಪುಟ್ಟ ಮೀನು. ಸಮುದ್ರದಲ್ಲಿ ಇದರ ಮೈ ಪಕ್ಕದಲ್ಲಿ ಸಾಲಾಗಿ ಎಲುಬಿನ ಕವಚ ಇರತ್ತೆ. ಹಿಮಯುಗ ಮುಗಿದು ಹೊಸ ಕೆರೆ ಹೊಳೆ ಹುಟ್ಟಿದಾಗ ಇವು ಸಿಹಿನೀರಿಗೆ ಹೋದ್ವು, ಒಂದಕ್ಕೊಂದು ಸಂಬಂಧ ಇಲ್ಲದ ಎಷ್ಟೋ ಕೆರೆಗಳಲ್ಲಿ ಕವಚ ಕಮ್ಮಿ ಆಗೋಯ್ತು. ಪ್ರತಿ ಕೆರೆಯಲ್ಲೂ ಬೇರೆ ಬೇರೆ ಮ್ಯುಟೇಷನ್ ಆಯ್ತಾ ಅಂದ್ರೆ, ಬಹುಪಾಲು ಕಡೆ ಇಲ್ಲ. ಇಡಿಎ ಅನ್ನೋ ಜೀನಿನ ಒಂದೇ ಹಳೇ ರೂಪ ಹೆಚ್ಚಿನ ಕಡೆ ಸಿಕ್ತು, ಅದು ಸಮುದ್ರದ ಮೀನುಗಳಲ್ಲೂ ಬಹಳ ಕಡಿಮೆ ಪ್ರಮಾಣದಲ್ಲಿ, ಜೋಡಿ ಪ್ರತಿಯ ಹಿಂದೆ ಅಡಗಿ ಇದೆ. ಸಮುದ್ರದಿಂದ ಹೊರಟ ಮೀನೇ ಅದನ್ನ ಹೊತ್ಕೊಂಡು ಹೋಗಿತ್ತು. ಹೊಸ ಮ್ಯುಟೇಷನ್ನಿಗೆ ಕಾಯೋ ಅಗತ್ಯ ಇಲ್ಲದ ಕಾರಣ ಇಂಥ ವಿಕಾಸ ಬೇಗ ನಡೆಯತ್ತೆ.

ಇಷ್ಟೊತ್ತು ಒಂದೇ ಜೀನ್ ಇಟ್ಕೊಂಡು ಆಡಿದ್ವಿ. ನಿಜ ಜೀವಿಯಲ್ಲಿ ಸಾವಿರಾರು ಜೀನ್, ಅವು ಪ್ರತಿ ಪೀಳಿಗೆಯಲ್ಲೂ ಕಲಸಿ ಹೊಸ ಜೋಡಣೆಯಲ್ಲಿ ಬರತ್ತೆ. ಮನುಷ್ಯರಲ್ಲಿ ಕ್ರೋಮೋಸೋಮ್, ಅಂದ್ರೆ ಜೀನ್‌ಗಳು ಸಾಲಾಗಿರೋ ಡಿಎನ್‌ಎ ಎಳೆ, 23 ಜೊತೆ ಇರತ್ತೆ, ಅಂಡಾಣು ವೀರ್ಯಾಣು ಆಗುವಾಗ ಪ್ರತಿ ಜೊತೆಯಿಂದ ಒಂದನ್ನ ಆರಿಸೋ ದಾರಿನೇ ಒಬ್ಬರಲ್ಲಿ ಸುಮಾರು 84 ಲಕ್ಷ, ಅದರ ಮೇಲೆ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಳ್ಳತ್ತೆ. ಎತ್ತರದಂತ ಗುಣಕ್ಕೆ ಒಂದು ಮಣಿ ಸಾಕಾಗಲ್ಲ, ಅಲ್ಲಿ ಸಾವಿರಾರು ಜಾಗದ ವ್ಯತ್ಯಾಸ ಚೂರು ಚೂರು ಸೇರಿ ಕೆಲಸ ಮಾಡತ್ತೆ.

ಈಗ ನಾಣ್ಯ ಪಕ್ಕಕ್ಕಿಡಿ. 16 ಕೆಂಪು 16 ಬಿಳಿ ಹಾಕಿ, ಆಯ್ಕೆ ಇಲ್ಲ, ಲಾಭ ನಷ್ಟ ಇಲ್ಲ, ಸುಮ್ನೆ ಒಂದೊಂದೇ ಎತ್ತಿ ನೋಡಿ ವಾಪಸ್ ಹಾಕಿ, 32 ಸಲ ಎತ್ತಿದ್ದು ಮುಂದಿನ ಪೀಳಿಗೆ. ಒಂದು ಡಬ್ಬಿಯಲ್ಲಿ 20 ಪೀಳಿಗೆ ಅಂದ್ರೆ 640 ಸಲ ಎತ್ತಬೇಕು, ಕೈ ನೋವು ಬರತ್ತೆ, ಹಾಗಾಗಿ ಮೊದಲ ಎರಡು ಮೂರು ಪೀಳಿಗೆ ಕೈಯಿಂದ ಮಾಡಿ ಉಳಿದದ್ದನ್ನ ಸ್ಪ್ರೆಡ್‌ಶೀಟಿಗೆ ಕೊಡಿ. ಒಂದು ಸಾಲಲ್ಲಿ 32 ಸೆಲ್, ಪ್ರತಿ ಸೆಲ್ಲಲ್ಲೂ ಸೊನ್ನೆಯಿಂದ ಒಂದರ ಮಧ್ಯೆ ರ‍್ಯಾಂಡಮ್ ನಂಬರ್ ತಗೊಂಡು, ಅದು ಹಿಂದಿನ ಸಾಲಿನ ಕೆಂಪಿನ ಪಾಲಿಗಿಂತ ಕಡಿಮೆ ಇದ್ರೆ 1 ಇಲ್ಲಾಂದ್ರೆ 0 ಅಂತ ಫಾರ್ಮುಲಾ ಹಾಕಿ, ಸಾಲಿನ ಸರಾಸರಿನೇ ಹೊಸ ಕೆಂಪಿನ ಪಾಲು. ಕೆಳಗೆ ಎಳೆದ್ರೆ ಪೀಳಿಗೆ ಮೇಲೆ ಪೀಳಿಗೆ ಬರತ್ತೆ.

ಹತ್ತಿಪ್ಪತ್ತು ಸಲ ಓಡಿಸಿ, ಕೆಲವು ಕಡೆ ಕೆಂಪು ಏರಿ ಏರಿ ಬಿಳಿನ ಅಳಿಸಿರತ್ತೆ, ಕೆಲವು ಕಡೆ ಬಿಳಿ ಕೆಂಪನ್ನ ಅಳಿಸಿರತ್ತೆ, ಯಾವುದಕ್ಕೂ ಕಾರಣ ಇಲ್ಲ. ಇದಕ್ಕೆ ಜೆನೆಟಿಕ್ ಡ್ರಿಫ್ಟ್ ಅಂತಾರೆ. ಪೀಟರ್ ಬ್ಯೂರಿ 1956ರಲ್ಲಿ ಇದನ್ನ ಹಣ್ಣಿನ ನೊಣದಲ್ಲಿ ಮಾಡಿದ ಫಲಿತಾಂಶ ಪ್ರಕಟ ಆಯ್ತು, ನಾವು 32 ಮಣಿ ಇಟ್ಕೊಂಡಿದ್ದು ಅದೇ ಕಾರಣಕ್ಕೆ. 107 ಗುಂಪು, ಪ್ರತಿ ಗುಂಪಲ್ಲಿ 8 ಗಂಡು 8 ಹೆಣ್ಣು, ಕಣ್ಣಿನ ಬಣ್ಣದ ಜೀನಿನ ಎರಡು ರೂಪ ಸಮಸಮ. 19 ಪೀಳಿಗೆ ಆದ್ಮೇಲೆ 30 ಗುಂಪಲ್ಲಿ ಒಂದು ರೂಪ ಪೂರ್ತಿ ಹೋಗಿತ್ತು, 28 ಗುಂಪಲ್ಲಿ ಇನ್ನೊಂದು ಪೂರ್ತಿ ಹೋಗಿತ್ತು. ನಿಮ್ಮ ಡಬ್ಬಿಗಳಲ್ಲಿ ಇಷ್ಟು ಬೇಗ ಹೋಗದಿದ್ರೆ ಗಾಬರಿ ಬೇಡ, ನೊಣಗಳಲ್ಲಿ ಎಲ್ಲದಕ್ಕೂ ಸಮನಾಗಿ ಮಕ್ಕಳಾಗಲ್ಲ, ಹಾಗಾಗಿ ಆ 16 ನೊಣ ಇನ್ನೂ ಚಿಕ್ಕ ಗುಂಪಿನ ತರ ನಡ್ಕೊಳತ್ತೆ. ಲೆಕ್ಕದ ಪ್ರಕಾರ 16 ಜೀವಿಗಳ ಗುಂಪು ಪ್ರತಿ ಪೀಳಿಗೆಗೂ ಸರಾಸರಿ ತನ್ನ ವ್ಯತ್ಯಾಸದ 32ರಲ್ಲಿ ಒಂದು ಭಾಗ ಕಳ್ಕೊಳತ್ತೆ, ಸಾವಿರ ಜೀವಿ ಇದ್ರೆ 2000ದಲ್ಲಿ ಒಂದು ಭಾಗ ಮಾತ್ರ.

ಎಂಟು ಬಣ್ಣ ತಲಾ ನಾಲ್ಕು ಮಣಿ ಹಾಕಿ ಇನ್ನೊಂದು ಆಟ ಮಾಡಿ, ಇದು ಬೇಗ ಮುಗಿಯತ್ತೆ. ನೋಡದೇ ನಾಲ್ಕು ಮಣಿ ಎತ್ತಿಟ್ಕೊಳಿ, ಉಳಿದದ್ದೆಲ್ಲಾ ಅಳಿದುಹೋಯ್ತು. ಆ ನಾಲ್ಕರಿಂದಲೇ ಎತ್ತಿ ಎತ್ತಿ ಮತ್ತೆ 32 ಮಾಡಿ. ಸಂಖ್ಯೆ ವಾಪಸ್ ಬಂತು, ಬಣ್ಣ ಬರಲಿಲ್ಲ. ಉತ್ತರದ ಎಲಿಫೆಂಟ್ ಸೀಲ್ ಅನ್ನೋ ಸಮುದ್ರದ ಪ್ರಾಣಿನ ಎಣ್ಣೆಗೋಸ್ಕರ ಬೇಟೆಯಾಡಿ 1890ರ ದಶಕದಲ್ಲಿ ಬೆರಳೆಣಿಕೆಯಷ್ಟು ಉಳಿಸಿದ್ರು, ಈಗ ಒಂದು ಲಕ್ಷಕ್ಕಿಂತ ಜಾಸ್ತಿ ಇವೆ, ಆದ್ರೆ 1974ರಲ್ಲಿ ಪ್ರೊಟೀನ್ ಮಾಡೋ 24 ಜೀನ್ ಜಾಗ ಪರೀಕ್ಷೆ ಮಾಡಿದಾಗ ಒಂದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಸಂಖ್ಯೆ ಏರಿತು ಅಂದ ಮಾತ್ರಕ್ಕೆ ಆ ಪ್ರಾಣಿ ಸೇಫ್ ಅಂತ ಹೇಳೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ನಾಳೆ ಹೊಸ ರೋಗ ಬಂದ್ರೆ ಆರಿಸೋಕೆ ಡಬ್ಬಿಯಲ್ಲಿ ಏನಿದೆ ಅನ್ನೋದೇ ಪ್ರಶ್ನೆ. ಇದಕ್ಕೆ ದಾರಿನೂ ಇದೆ, ಎರಡನೇ ಡಬ್ಬಿಯಿಂದ ಬೇರೆ ಬಣ್ಣದ ಎರಡು ಮಣಿ ತಂದು ಹಾಕಿ ಓಡಿಸಿ ನೋಡಿ. ಅಮೆರಿಕದ ಫ್ಲಾರಿಡಾದ ಪ್ಯಾಂಥರ್ ಅನ್ನೋ ಪ್ಯೂಮಾ ಜಾತಿಯ ದೊಡ್ಡ ಬೆಕ್ಕು 20-30ಕ್ಕೆ ಇಳಿದು, ಬಾಲ ಮುರಿದ ಹಾಗಿರೋದು, ಹೃದಯದ ತೊಂದರೆ ಎಲ್ಲಾ ಕಾಣಿಸಿಕೊಂಡಾಗ 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ತಂದು ಬಿಟ್ರು, ಗುಂಪು ಚೇತರಿಸಿಕೊಳ್ತು.

ಕೊನೇ ಆಟ ಹೊಸ ಪ್ರಭೇದದ್ದು. ಎರಡೂ ಡಬ್ಬಿಯಲ್ಲಿ 16 ಕೆಂಪು 16 ಬಿಳಿ, ಒಂದರಲ್ಲಿ ಜೋಡಿ ಬಿಳಿಗೆ ನಾಣ್ಯ, ಇನ್ನೊಂದರಲ್ಲಿ ಜೋಡಿ ಕೆಂಪಿಗೆ ನಾಣ್ಯ. ಬೇರೆ ಬೇರೆಯಾಗಿ ಓಡಿಸಿದ್ರೆ ಎರಡು ಡಬ್ಬಿ ದೂರ ದೂರ ಹೋಗತ್ತೆ. ಅದೇ ಆಟನ ಪ್ರತಿ ಪೀಳಿಗೆಗೂ ಆ ಡಬ್ಬಿಯಿಂದ ಈ ಡಬ್ಬಿಗೆ ನಾಲ್ಕು ಮಣಿ ಅದಲುಬದಲು ಮಾಡ್ತಾ ಆಡಿ, ದೂರ ಹೋಗೋಕೆ ಬಿಡಲ್ಲ.

ಆದ್ರೆ ಬಣ್ಣದ ಪ್ರಮಾಣ ಬೇರೆ ಆದ ಮಾತ್ರಕ್ಕೆ ಪ್ರಭೇದ ಬೇರೆ ಆಗಲ್ಲ, ಎರಡು ಗುಂಪು ಕೂಡಿದ್ರೂ ಸರಿಯಾದ ಸಂತಾನ ಬರಬಾರದು, ಅಲ್ಲಿಗೆ ತಲುಪೋದು ಹೇಗೆ ಅನ್ನೋದು ಬಹಳ ಜನರಿಗೆ ಒಗಟು. ಕೂಡಿದ್ರೆ ಕೆಡೋ ಜೀನು ಗುಂಪಲ್ಲಿ ಬೆಳೆದಿದ್ದಾದ್ರೂ ಹೇಗೆ? ಇದಕ್ಕೆ ಎರಡು ಜೀನ್ ಬೇಕು, ಆದ್ದರಿಂದ ಪ್ರತಿ ಗುಂಪಿಗೆ ಎರಡೆರಡು ಬಟ್ಟಲು ಇಟ್ಕೊಳಿ, ಶುರುವಲ್ಲಿ ಎಲ್ಲಾ ಬಿಳಿ. ಒಂದು ಗುಂಪಿನ ಮೊದಲ ಜೀನಲ್ಲಿ ನೀಲಿ ಹುಟ್ಟಿ ಹರಡಿತು ಅನ್ಕೊಳಿ, ಆ ಬಟ್ಟಲಿಗೆ ಪೂರ್ತಿ ನೀಲಿ ತುಂಬಿ. ಇನ್ನೊಂದು ಗುಂಪಿನ ಎರಡನೇ ಜೀನಲ್ಲಿ ಹಸಿರು ಹುಟ್ಟಿ ಹರಡಿತು, ಅದಕ್ಕೆ ಹಸಿರು ತುಂಬಿ. ನೀಲಿ ತನ್ನ ಗುಂಪಲ್ಲಿ ಚೆನ್ನಾಗಿದೆ, ಹಸಿರು ತನ್ನ ಗುಂಪಲ್ಲಿ ಚೆನ್ನಾಗಿದೆ, ಎರಡೂ ಒಂದೇ ದೇಹದಲ್ಲಿ ಕೂಡಿ ಕೆಲಸ ಮಾಡತ್ತಾ ಅಂತ ಯಾವತ್ತೂ ಪರೀಕ್ಷೆ ಆಗೇ ಇಲ್ಲ. ನೀಲಿ ಹಸಿರು ಒಟ್ಟಿಗೆ ಬಂದ್ರೆ ನಾಣ್ಯ ಅಂತ ನಿಯಮ ಮಾಡಿ ಎರಡು ಗುಂಪಿನಿಂದ ಒಂದೊಂದು ಪ್ರತಿ ತಗೊಂಡು ಮರಿ ಮಾಡಿ, ಮೊದಲ ಮಿಶ್ರ ಮರಿಗಳಿಗೆಲ್ಲಾ ನಾಣ್ಯ ಬೀಳತ್ತೆ. ದಾರಿಯಲ್ಲಿ ಯಾವ ಗುಂಪೂ ಒಂದು ಹೆಜ್ಜೆನೂ ನಷ್ಟದ ಕಡೆ ಇಟ್ಟಿಲ್ಲ, ಗಮನಿಸಿ. ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಮೀನುಗಳ ಮಿಶ್ರ ಸಂತಾನವನ್ನ ಮತ್ತೆ ಸ್ವೋರ್ಡ್‌ಟೇಲ್ ಜೊತೆ ಕೂಡಿಸಿದಾಗ ಕೆಲವು ಮರಿಗಳಿಗೆ ಚರ್ಮದ ಕ್ಯಾನ್ಸರ್ ಬರತ್ತೆ, ಪ್ಲಾಟಿಯ ಒಂದು ಜೀನನ್ನ ಹಿಡಿತದಲ್ಲಿ ಇಡೋ ಇನ್ನೊಂದು ಪ್ಲಾಟಿ ಜೀನ್ ಆ ಮರಿಗಳಿಗೆ ಸಿಕ್ಕಿರಲ್ಲ.

ಈಗ ಎರಡು ಗುಂಪಿನ ಮಣಿ ಬೆರೆಸಿ, ಮೊದಲ ಜೀನಿನ ಬಟ್ಟಲು ಒಂದು, ಎರಡನೇದರ ಬಟ್ಟಲು ಒಂದು, ಒಂದೊಂದರಿಂದ ಎರಡೆರಡು ಎತ್ತಿ ಮರಿ ಮಾಡ್ತಾ ಹತ್ತು ಪೀಳಿಗೆ ಓಡಿಸಿ, ಬೇರೆ ಬೇರೆ ಸಲ ನೀಲಿ ಉಳೀತಾ ಹಸಿರು ಉಳೀತಾ ಅಂತ ಬರ್ಕೊಳಿ. ನಾಣ್ಯ ಬದಲು ಆರು ಮುಖದ ದಾಳ ಹಿಡಿದು, ಒಂದು ಬಿದ್ರೆ ಮಾತ್ರ ಸಾವು ಅಂತ ಇಟ್ಕೊಂಡು ಅದೇ ಆಟ ಮತ್ತೆ ಮಾಡಿದ್ರೆ ಎಷ್ಟು ನಿಧಾನ ಆಗತ್ತೆ ಅನ್ನೋದನ್ನೂ ಪಕ್ಕದಲ್ಲೇ ಬರೆದಿಡಿ.